ಗಣಕದ ಗೊಂಬೆಯ ಚರ್ಮರೋಗಗಳು

ವೈದ್ಯಶಾಸ್ತ್ರದ ಗಂಧವೂ ಇಲ್ಲದ ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಚರ್ಮರೋಗಗಳನ್ನು ಕುರಿತು ಬರೆಯಹೊರಟಿರುವಳೆಂದು ವಾಚಕರು ಗಾಬರಿಪಡಬೇಕಾಗಿಲ್ಲ. ನಾನು ಹೇಳಹೊರಟಿರುವ ರೋಗಿಗೆ ರಕ್ತಮಾಂಸಗಳಿಲ್ಲ, ನಾಡಿಯಿಲ್ಲ. ನೋವಂತೂ ಮೊದಲೇ ಇಲ್ಲ. ನೋವೆಲ್ಲ ಅದನ್ನು ಮಾಡಿದವರ ಪಾಲಿಗೆ. ಅದು ಕಂಪ್ಯೂಟರಿನೊಳಗೆ ಕಟ್ಟಿದ ಒಂದು ಮನುಷ್ಯಾಕೃತಿ. ಅದರ ಕೈಕಾಲುಗಳನ್ನು ನಮಗೆ ಬೇಕಾದಂತೆ ಮಡಿಸಬಹುದು, ಚಾಚಬಹುದು, ತಿರುಗಿಸಬಹುದು. ಹಾಗೆ ಮಡಿಸಿದಾಗ ಅದರ ಮೈಮೇಲೆ ಕಪ್ಪು ಮಚ್ಚೆ, ಸುಕ್ಕು, ಮುಳ್ಳು, ಹಿಂಡಿದ ಬಟ್ಟೆಯಂಥ ಮಣಿಕಟ್ಟು ಮುಂತಾದ ನಾನಾ ವಿಕಾರಗಳು ತಲೆದೋರುತ್ತವೆ. ಕಳೆದ ಒಂದು ವರ್ಷ ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತು ಈ ವಿಕಾರಗಳೊಡನೆ ನಾನು ಹೋರಾಡಿದೆ. ಆ ಹೋರಾಟದಲ್ಲಿ ಕಲಿತುದನ್ನು, ಮುಂದೆ ಇದೇ ದಾರಿ ಹಿಡಿಯುವ ಗೆಳೆಯರಿಗೆ ಉಪಯೋಗವಾದೀತೆಂಬ ಆಸೆಯಿಂದ, ಇಲ್ಲಿ ಒಪ್ಪಿಸುತ್ತಿದ್ದೇನೆ.

ನನಗೆ ಈ ಗೊಂಬೆಯ ಗೀಳು ಹಿಡಿದುದಕ್ಕೆ ಕಾರಣ ನನ್ನ ತಂಗಿ. ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಅವಳಿಗೆ ಅದು ಕೇಳಿಸುವುದಿಲ್ಲ. ಹುಟ್ಟು ಕಿವುಡಿ. ಅವಳಿಗೆ ನಾಲ್ಕು ವರ್ಷ ತುಂಬುವವರೆಗೆ ಈ ಸಂಗತಿ ನಮಗಾರಿಗೂ ತಿಳಿಯಲಿಲ್ಲ. ಕರೆದರೆ ಬಾರದು, ಹೇಳಿದರೆ ಕೇಳದು. ಮಗು ಹಟಮಾರಿ ಎಂದು ಮನೆಯವರೂ ನೆರೆಹೊರೆಯವರೂ ತೀರ್ಮಾನಿಸಿಬಿಟ್ಟಿದ್ದರು. ಹಟ ಬಿಡಿಸಲು ಬೈಗುಳ, ಏಟು, ಹರಕೆ ಎಲ್ಲವೂ ಆದುವು. ಈಗ ಅವಳಿಗೆ ಹನ್ನೆರಡು ವರ್ಷ. ಪೇಟೆಯ ವಸತಿಶಾಲೆಯಲ್ಲಿ ಸಂಜ್ಞಾಭಾಷೆಯನ್ನು ಕಲಿತು ಅರಳು ಹುರಿದಂತೆ ಕೈಮಾತನಾಡುತ್ತಾಳೆ. ಆದರೆ ರಜೆಗೆ ಊರಿಗೆ ಬಂದರೆ ಅವಳೊಡನೆ ಮಾತನಾಡುವವರಾರು? ಅಮ್ಮನಿಗೂ ಅಜ್ಜಿಗೂ ಗೊತ್ತಿದ್ದುದು ಹತ್ತಾರು ಮನೆಯ ಸಂಜ್ಞೆಗಳು ಮಾತ್ರ. ತೋರುಬೆರಳಿನಿಂದ ಕಿವಿಯ ಹಾಲೆಯನ್ನು ಮುಟ್ಟಿದರೆ ‘ಓಲೆಯವಳು’, ಎಂದರೆ ಅಜ್ಜಿ. ಹೀಗೆ ಎಷ್ಟು ದೂರ ಹೋಗಲು ಸಾಧ್ಯ?

೨೦೧೫ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆಗೂ ತರಬೇತಿಗೂ ಒಂದು ಕೇಂದ್ರ ಸ್ಥಾಪಿತವಾಯಿತು. ಆ ಕೇಂದ್ರವು ೨೦೧೮ರಲ್ಲಿ ಮೂರು ಸಾವಿರ ಪದಗಳ ನಿಘಂಟನ್ನು ಹೊರತಂದಿತು. ೨೦೨೧ರ ವೇಳೆಗೆ ಆ ಸಂಖ್ಯೆ ಹತ್ತು ಸಾವಿರಕ್ಕೆ ಏರಿತು. ಅದರ ವೀಡಿಯೋಗಳನ್ನು ನಾನು ಮೊಬೈಲಿನಲ್ಲಿ ಅಜ್ಜಿಗೆ ತೋರಿಸಿದೆ. ಅಜ್ಜಿಯ ತೊಡಕು ಬೇರೆಯೇ ಇತ್ತು. ಎದುರಿಗೆ ನಿಂತವರ ಬಲಗೈ ತನ್ನ ಎಡಕ್ಕೆ ಕಾಣುತ್ತದೆ. ಮಡಚಿದ ಹೆಬ್ಬೆರಳು ಇತರ ಬೆರಳುಗಳ ಹಿಂದೆ ಮರೆಯಾಗುತ್ತದೆ. “ಪಕ್ಕದಿಂದ ತೋರ್ಸವ್ವ, ಹಿಂದಿಂದ ತೋರ್ಸವ್ವ” ಎಂದಳು. ಬೇಕೆಂದ ಕಡೆಗೆ ತಿರುಗಿಸಿ ತೋರಿಸಬಹುದಾದ ಗೊಂಬೆಯೊಂದನ್ನು ಮಾಡಬೇಕೆಂಬ ಯೋಚನೆ ನನಗೆ ಹೊಳೆದುದು ಆಗ. ಪುಟ್ಟಿಯಿಂದ ಕೇಳಿ ಇಪ್ಪತ್ತು ಸಂಜ್ಞೆಗಳನ್ನು ಆರಿಸಿಕೊಂಡೆ.

ಇಂಥ ಕೆಲಸ ಕೈಯಿಂದಲೇ ಆರಂಭವಾಯಿತೆಂಬುದು ಒಂದು ಸ್ವಾರಸ್ಯ. ೧೯೭೨ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಎಡ್ವಿನ್ ಕ್ಯಾಟ್‌ಮಲ್ ಮತ್ತು ಫ್ರೆಡ್ ಪಾರ್ಕ್ ಎಂಬಿಬ್ಬರು ಕಂಪ್ಯೂಟರಿನಿಂದ ಚಲಿಸುವ ಕೈಯೊಂದರ ಕಿರುಚಿತ್ರವನ್ನು ಮಾಡಿದರು. ಕ್ಯಾಟ್‌ಮಲ್ ತನ್ನ ಎಡಗೈಯ ಅಚ್ಚನ್ನು ತೆಗೆದು, ಅದರ ಮೇಲೆ ಸುಮಾರು ಮುನ್ನೂರೈವತ್ತು ಚಿಕ್ಕ ಚಿಕ್ಕ ಫಲಕಗಳನ್ನು ಗೆರೆಯೆಳೆದು ಗುರುತಿಸಿ, ಅವುಗಳ ಮೂಲೆಗಳನ್ನು ಒಂದೊಂದಾಗಿ ಅಳೆದು ಯಂತ್ರಕ್ಕೆ ಉಣಿಸಿದನು. ಆ ಚಿತ್ರವನ್ನು ೨೦೧೧ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಭಂಡಾರಕ್ಕೆ ಸೇರಿಸಲಾಯಿತು. ನಾನು ಬಳಸಿದುದು ಬ್ಲೆಂಡರ್ ಎಂಬ ತಂತ್ರಾಂಶ. ಹಾಲೆಂಡಿನ ಟಾನ್ ರೋಸೆಂಡಾಲ್ ಎಂಬಾತ ಆರಂಭಿಸಿದ ಇದನ್ನು, ಸಾರ್ವಜನಿಕರು ಒಂದು ಲಕ್ಷ ಯೂರೋ ವಂತಿಗೆ ಕೂಡಿಸಿ ೨೦೦೨ರಲ್ಲಿ ಬಂಧಮುಕ್ತಗೊಳಿಸಿದರು. ಕಾಸು ಕೊಡದೆ ಯಾರು ಬೇಕಾದರೂ ಇದನ್ನು ಬಳಸಬಹುದು. ಕಲಾ ವಿಭಾಗದವರಿಗೂ ಅಡ್ಡಿಯಿಲ್ಲ.

೧. ಗೊಂಬೆಯ ಅಂಗರಚನೆ

ರೋಗವನ್ನು ತಿಳಿಯುವ ಮೊದಲು ಶರೀರವನ್ನು ತಿಳಿಯಬೇಕು. ಗಣಕದ ಗೊಂಬೆಯ ಒಳಗೆ ಏನೂ ಇಲ್ಲ. ಅದು ಬರಿಯ ಚರ್ಮ. ಆ ಚರ್ಮವನ್ನು ಮೀನಿನ ಬಲೆಗೆ ಹೋಲಿಸಬಹುದು. ಬಲೆಯ ಗಂಟುಗಳು ಬಿಂದುಗಳು; ಬಲೆಯ ಒಂದೊಂದು ಕಣ್ಣಿಗೂ ಹಚ್ಚಿದ ಚಪ್ಪಟೆ ತುಂಡು ಒಂದೊಂದು ಫಲಕ. ಇದರೊಳಗೆ ನಾವು ಮೂಳೆಗಳನ್ನು ಇರಿಸುತ್ತೇವೆ. ಮೂಳೆಯೆಂದರೆ ಎಲುಬಲ್ಲ, ಬರಿಯ ಒಂದು ಗೀಟು. ಅದನ್ನು ತಿರುಗಿಸಿದರೆ ಸುತ್ತಲಿನ ಬಿಂದುಗಳು ಅದರೊಡನೆ ತಿರುಗುತ್ತವೆ. ಯಾವ ಬಿಂದು ಯಾವ ಮೂಳೆಯ ಮಾತನ್ನು ಎಷ್ಟು ಪಾಲು ಕೇಳಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಅದಕ್ಕೆ ವೆಯಿಟ್, ಎಂದರೆ ತೂಕ, ಎನ್ನುತ್ತಾರೆ.

ನಮ್ಮ ತೊಗಲುಗೊಂಬೆಯನ್ನು ನೆನೆಯಿರಿ. ಅದರ ತೋಳು ಒಂದು ತುಂಡು, ಮುಂದೋಳು ಇನ್ನೊಂದು ತುಂಡು. ಎರಡನ್ನೂ ಕೀಲಿನಲ್ಲಿ ದಾರ ಹಾಕಿ ಕಟ್ಟಿರುತ್ತಾರೆ. ಮಡಿಸಿದರೆ ಸುಕ್ಕಿಲ್ಲ, ಏಕೆಂದರೆ ಚರ್ಮ ಅಲ್ಲಿ ಕಡಿದೇ ಹೋಗಿದೆ. ಗಣಕದ ಗೊಂಬೆಯ ಚರ್ಮವಾದರೋ ಭುಜದಿಂದ ಬೆರಳ ತುದಿಯವರೆಗೆ ಅಖಂಡ. ಅದರ ಸೌಂದರ್ಯವೂ ಅದೇ, ಸಂಕಟವೂ ಅದೇ. ಕಡೆಯದಾಗಿ, ದೀಪವನ್ನೂ ಕ್ಯಾಮೆರಾವನ್ನೂ ಇಟ್ಟು, ಈ ಗೊಂಬೆ ಹೇಗೆ ಕಾಣುವುದೆಂದು ಯಂತ್ರದಿಂದ ಚಿತ್ರ ಬರೆಯಿಸುವುದಕ್ಕೆ ರೆಂಡರ್ ಮಾಡುವುದು ಎಂದು ಹೆಸರು. ನಮ್ಮ ಕೊಠಡಿಯ ಯಂತ್ರ ಹಳೆಯದು. ಒಳ್ಳೆಯ ಚಿತ್ರವೊಂದಕ್ಕೆ ಹನ್ನೊಂದು ನಿಮಿಷ ತೆಗೆದುಕೊಳ್ಳುತ್ತಿತ್ತು. ನಡುವೆ ವಿದ್ಯುತ್ತು ಹೋದರೆ ಮೊದಲಿನಿಂದ ಪ್ರಾರಂಭ.

೨. ನಿದಾನದ ಕ್ರಮ

ಮೊದಲ ಚಿತ್ರವನ್ನು ಊರಿಗೆ ಒಯ್ದು ತೋರಿಸಿದಾಗ ಅಜ್ಜಿ ಕಣ್ಣು ಕಿರಿದುಮಾಡಿ ನೋಡಿ, “ಇದೇನವ್ವ, ಕೈ ಸುಟ್ಕೊಂಡಂಗೈತಲ್ಲ ಈ ಮಗ!” ಎಂದಳು. ನಿಜ, ಎಡ ಅಂಗೈಯ ಮೇಲೆ ಇದ್ದಿಲು ಬಳಿದಂತೆ ಕಪ್ಪು ಮಚ್ಚೆಗಳಿದ್ದುವು. ನಾನು ಮಾಡಿದ ಮೊದಲ ಮೂರ್ಖತನವನ್ನು ಮುಚ್ಚಿಡುವುದಿಲ್ಲ. ಆ ಮಚ್ಚೆಗಳ ಮೇಲೆ ತಿಳಿಬಣ್ಣವನ್ನು ಹಚ್ಚಿದೆ. ಒಂದು ಭಂಗಿಯಲ್ಲಿ ಸರಿಹೋದಂತೆ ಕಂಡಿತು. ಕೈಯನ್ನು ತಿರುಗಿಸಿದೊಡನೆ ಕಪ್ಪು ಪಕ್ಕಕ್ಕೆ ಸರಿಯಿತು; ನಾನು ಹಚ್ಚಿದ ಬಿಳುಪು ತೊನ್ನಿನಂತೆ ಅಲ್ಲಿಯೇ ಉಳಿಯಿತು. ಒಂದು ರೋಗ ಎರಡಾಯಿತು.

ಆಮೇಲೆ ತಿಳಿದುದೇನೆಂದರೆ, ದೋಷ ಕಾಣುವ ಸ್ಥಳ ಒಂದು, ಅದು ಹುಟ್ಟುವ ಸ್ಥಳ ಇನ್ನೊಂದು. ಚಿತ್ರವೊಂದು ಸಿದ್ಧವಾಗಲು ಮೂಳೆ, ಚರ್ಮದ ಬಲೆ, ಅದಕ್ಕೆ ಹೊದಿಸಿದ ಬಣ್ಣದ ಚಿತ್ರ, ಬೆಳಕು ಈ ನಾಲ್ಕೂ ಕೂಡಬೇಕು. ಆದುದರಿಂದ ನಾಲ್ವರಲ್ಲಿ ತಪ್ಪಿತಸ್ಥ ಯಾರೆಂದು ಮೊದಲು ಪತ್ತೆಮಾಡಬೇಕು. ಅದಕ್ಕೆ ಮೂರು ಪರೀಕ್ಷೆಗಳು ಸಾಕು.

ಮೊದಲನೆಯದು: ಗೊಂಬೆಯನ್ನು ಅದರ ವಿಶ್ರಾಂತ ಭಂಗಿಗೆ, ಎಂದರೆ ಕೈಚಾಚಿ ನಿಂತ ಮೂಲಸ್ಥಿತಿಗೆ, ಮರಳಿಸುವುದು. ದೋಷ ಮಾಯವಾದರೆ ತಪ್ಪು ಮೂಳೆಯದು ಅಥವಾ ತೂಕದ ಲೆಕ್ಕದ್ದು. ಉಳಿದರೆ ಮೂಳೆ ನಿರಪರಾಧಿ.

ಎರಡನೆಯದು: ಬಣ್ಣದ ಚಿತ್ರಗಳನ್ನೆಲ್ಲ ಕಳಚಿ, ಗೊಂಬೆಗೆ ಬರಿಯ ಬೂದುಬಣ್ಣದ ಜೇಡಿಮಣ್ಣಿನ ರೂಪ ಕೊಡುವುದು. ದೋಷ ಹೋದರೆ ತಪ್ಪು ಬಣ್ಣದ ಚಿತ್ರದ್ದು.

ಮೂರನೆಯದು: ದೀಪವನ್ನು ಅತ್ತಿತ್ತ ಸರಿಸುವುದು. ದೋಷ ದೀಪದೊಡನೆ ಚಲಿಸಿದರೆ ತಪ್ಪು ನೆರಳಿನದು; ನಿಂತಲ್ಲಿಯೇ ನಿಂತರೆ ಚರ್ಮದ ಬಲೆಯದು.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಆತುರಪಟ್ಟು ಮೂರನ್ನೂ ಒಟ್ಟಿಗೆ ಬದಲಿಸಿ, ಯಾವುದರಿಂದ ಗುಣವಾಯಿತೆಂದು ತಿಳಿಯದೆ, ಮಾರನೆಯ ದಿನ ಅದೇ ರೋಗಕ್ಕೆ ಮತ್ತೆ ತಡಕಾಡಿದ ಅನುಭವ ನನಗೆ ಬೇಕಾದಷ್ಟಿದೆ.

೩. ಚರ್ಮದ ಬಲೆಯ ದೋಷಗಳು

ಅಂಗೈಯ ಕಪ್ಪು ಮಚ್ಚೆ ವಿಶ್ರಾಂತ ಭಂಗಿಯಲ್ಲಿಯೂ ಇತ್ತು, ಬೂದುಬಣ್ಣದಲ್ಲಿಯೂ ಇತ್ತು. ದೀಪ ಸರಿಸಿದರೆ ಕೊಂಚ ರೂಪಾಂತರವಾದರೂ ಅಂಗೈಯನ್ನು ಬಿಡಲಿಲ್ಲ. ತಪ್ಪು ಬಲೆಯದೆಂದು ಸಿದ್ಧವಾಯಿತು. ಪ್ರತಿಯೊಂದು ಫಲಕಕ್ಕೂ ಹೊರಗೆ ಯಾವುದು, ಒಳಗೆ ಯಾವುದು ಎಂದು ಸೂಚಿಸುವ ಒಂದು ಅದೃಶ್ಯ ಬಾಣವುಂಟು. ಅದಕ್ಕೆ ನಾರ್ಮಲ್ ಎಂದು ಹೆಸರು. ಫಲಕದ ಮೂಲೆಗಳನ್ನು ಯಾವ ಸುತ್ತಿನಲ್ಲಿ ಎಣಿಸಿದೆ ಎಂಬುದರಿಂದ ಬಾಣದ ದಿಕ್ಕು ನಿರ್ಧಾರವಾಗುತ್ತದೆ. ಬಲಗೈಯನ್ನು ಮಾಡಿ, ಅದನ್ನೇ ಕನ್ನಡಿಯ ಬಿಂಬದಂತೆ ತಿರುವಿ ನಾನು ಎಡಗೈ ಮಾಡಿದ್ದೆ. ಕನ್ನಡಿಯಲ್ಲಿ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗುವುದಿಲ್ಲವೆ? ಹಾಗೆಯೇ ಮೂಲೆಗಳ ಎಣಿಕೆ ತಿರುಗುಮುರುಗಾಗಿ, ಕೆಲವು ಬಾಣಗಳು ಒಳಮುಖವಾಗಿದ್ದುವು. ಚರ್ಮ ನುಣುಪಾಗಿ ಕಾಣಲೆಂದು ಯಂತ್ರವು ನೆರೆಹೊರೆಯ ಬಾಣಗಳ ಸರಾಸರಿಯನ್ನು ತೆಗೆಯುತ್ತದೆ. ಒಂದು ಹೊರಗೆ, ಒಂದು ಒಳಗೆ ಇದ್ದರೆ ಸರಾಸರಿ ಎತ್ತಲೋ ಆಗಿ, ಅಲ್ಲಿ ಬೆಳಕಿನ ಲೆಕ್ಕ ಕೆಟ್ಟು ಕಪ್ಪು ಹರಡುತ್ತದೆ. ಕೆಲವು ತಂತ್ರಾಂಶಗಳಲ್ಲಿ ಇಂಥ ಫಲಕ ಕಾಣಿಸುವುದೇ ಇಲ್ಲ; ಮೈಯಲ್ಲಿ ತೂತು ಬಿದ್ದಂತಿರುತ್ತದೆ. ಒಳಮುಖವಾದ ಫಲಕಗಳನ್ನು ಕೆಂಪಾಗಿ ತೋರಿಸುವ ಏರ್ಪಾಡು ಬ್ಲೆಂಡರಿನಲ್ಲಿದೆ. ಎಲ್ಲ ಫಲಕಗಳನ್ನೂ ಆರಿಸಿ ಶಿಫ್ಟ್ ಮತ್ತು ಎನ್ ಕೀಲಿಗಳನ್ನು ಒತ್ತಿದರೆ ಬಾಣಗಳು ಹೊರಗೆ ತಿರುಗುತ್ತವೆ. ಎರಡು ವಾರ ಬಣ್ಣ ಹಚ್ಚಿದ ರೋಗ ಎರಡು ಕೀಲಿಗಳಿಂದ ವಾಸಿಯಾಯಿತು!

ಇದರ ದಾಯಾದಿಯೊಂದುಂಟು: ಇಮ್ಮಡಿ ಚರ್ಮ. ಉಗುರುಗಳನ್ನು ನಾನು ಬೆರಳಿನ ಮೇಲೆ ಸರಿಯಾಗಿ ಅಂಟಿಕೊಂಡಿರುವಂತೆ ಇಟ್ಟಿದ್ದೆ. ಕ್ಯಾಮೆರಾವನ್ನು ತಿರುಗಿಸಿದಾಗ ಅವು ಮಿಣಮಿಣನೆ ಹರಿದುಹೋದಂತೆ ತೋರಿದುವು. ಕಾರಣ ಹೀಗೆ. ಯಾವ ವಸ್ತು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು, ಚಿತ್ರದ ಒಂದೊಂದು ಚುಕ್ಕೆಗೂ ದೂರವನ್ನು ಬರೆದಿಟ್ಟುಕೊಂಡು, ಹತ್ತಿರದ್ದನ್ನು ಉಳಿಸಿ ದೂರದ್ದನ್ನು ಬಿಡುವ ಉಪಾಯವೊಂದಿದೆ. ಮೇಲೆ ಹೇಳಿದ ಕ್ಯಾಟ್‌ಮಲ್ ೧೯೭೪ರ ತನ್ನ ಮಹಾಪ್ರಬಂಧದಲ್ಲಿ ಇದನ್ನು ವಿವರಿಸಿದನು. ಎರಡು ಚರ್ಮಗಳು ಒಂದೇ ದೂರದಲ್ಲಿದ್ದರೆ ಯಂತ್ರವೇನು ಮಾಡಬೇಕು? ದಶಾಂಶದ ಕೊನೆಯ ಅಂಕಿಯ ಏರುಪೇರಿನಿಂದ ಒಂದು ಚುಕ್ಕೆಯಲ್ಲಿ ಉಗುರು ಗೆಲ್ಲುತ್ತದೆ, ಪಕ್ಕದ ಚುಕ್ಕೆಯಲ್ಲಿ ಬೆರಳು ಗೆಲ್ಲುತ್ತದೆ. ಉಗುರನ್ನು ಕೂದಲೆಳೆಯಷ್ಟು ಮೇಲೆತ್ತಿದೆ, ಜಗಳ ನಿಂತಿತು. ಅರಿಯದೆ ಒಂದರ ಮೇಲೊಂದು ನಕಲಾಗಿ ಕುಳಿತ ಬಿಂದುಗಳಿದ್ದರೆ, ಅವನ್ನು ಒಂದಾಗಿ ಬೆಸೆಯುವ ಆಜ್ಞೆಯೂ ಇದೆ.

೪. ನೆರಳಿನ ದೋಷ, ಬಣ್ಣದ ದೋಷ

ಗೊಂಬೆಯ ಕೆನ್ನೆಯ ಮೇಲೆ, ಬೆಳಕು ಮುಗಿದು ನೆರಳು ಆರಂಭವಾಗುವ ಕಡೆ, ಮೆಟ್ಟಲು ಮೆಟ್ಟಲಾದ ಅಂಚು ಕಾಣುತ್ತಿತ್ತು. ದೀಪವನ್ನು ಸರಿಸಿದರೆ ಮೆಟ್ಟಲೂ ಸರಿಯುತ್ತಿತ್ತು. ಇದನ್ನು ತಿಳಿಯಲು ಹಿಂದಿನ ಇತಿಹಾಸ ಬೇಕು. ೧೯೭೧ರಲ್ಲಿ ಹೆನ್ರಿ ಗೂರೋ ಎಂಬ ಫ್ರೆಂಚ್ ವಿದ್ವಾಂಸ, ಚಪ್ಪಟೆ ಫಲಕಗಳ ಮೂಲೆಗಳಲ್ಲಿ ಬೆಳಕನ್ನು ಲೆಕ್ಕಹಾಕಿ ನಡುವೆ ಕ್ರಮವಾಗಿ ಬೆರಸಿದರೆ ಮೈ ನುಣುಪಾಗಿ ಕಾಣುವುದೆಂದು ತೋರಿಸಿದನು. ಅದಕ್ಕೆ ಅವನು ಆರಿಸಿಕೊಂಡುದು ತನ್ನ ಹೆಂಡತಿಯ ಮುಖವನ್ನು. ವಿಯೆಟ್ನಾಮಿನಲ್ಲಿ ಹುಟ್ಟಿದ ಬುಯಿ ತುವೊಂಗ್ ಫೋಂಗ್, ಬೆಳಕಿಗೆ ಬದಲಾಗಿ ಬಾಣಗಳನ್ನೇ ಬೆರಸುವ ಇನ್ನೂ ಒಳ್ಳೆಯ ಕ್ರಮವನ್ನು ೧೯೭೩ರಲ್ಲಿ ಕಂಡುಹಿಡಿದನು. ೧೯೭೫ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ, ಇನ್ನೂ ಯೌವನದಲ್ಲಿಯೇ, ಅವನು ತೀರಿಕೊಂಡನು. ಇವರಿಬ್ಬರೂ ವಿದ್ಯೆ ಕಲಿತುದು ಅದೇ ಯೂಟಾ ವಿಶ್ವವಿದ್ಯಾನಿಲಯದಲ್ಲಿ.

ಆದರೆ ಈ ನುಣುಪು ಒಂದು ಸಭ್ಯವಾದ ಸುಳ್ಳು. ಫಲಕ ಚಪ್ಪಟೆಯಾಗಿಯೇ ಇದೆ, ಗುಂಡಗಿದೆಯೆಂದು ನಟಿಸುತ್ತಿದೆ. ನೆರಳಿನ ಲೆಕ್ಕ ಹಾಕುವ ಕಿರಣ ಮಾತ್ರ ಈ ನಟನೆಗೆ ಮರುಳಾಗದೆ ಇದ್ದುದನ್ನು ಇದ್ದಂತೆಯೇ ಹೇಳುತ್ತದೆ. ಆದ್ದರಿಂದ ಬೆಳಕು ಗುಂಡಾಗಿ ಬೀಳುತ್ತದೆ, ನೆರಳು ಚಪ್ಪಟೆಯ ಅಂಚಿನಲ್ಲಿ ಕಡಿಯುತ್ತದೆ. ಪರಿಹಾರ ಎರಡು: ಫಲಕಗಳ ಸಂಖ್ಯೆಯನ್ನು ಹೆಚ್ಚಿಸಿ ಸುಳ್ಳನ್ನು ಕಡಿಮೆಮಾಡುವುದು, ಇಲ್ಲವೆ ೨೦೨೦ರ ನಂತರದ ಬ್ಲೆಂಡರಿನಲ್ಲಿರುವ, ಈ ಅಂಚನ್ನು ಕೊಂಚ ಹಿಂದೆ ಸರಿಸುವ ಅಳತೆಯನ್ನು ಬಳಸುವುದು. ನಾನು ಕೆನ್ನೆಯಲ್ಲಿ ಮಾತ್ರ ಫಲಕಗಳನ್ನು ಹೆಚ್ಚಿಸಿದೆ. ಎಲ್ಲ ಕಡೆ ಹೆಚ್ಚಿಸಿದರೆ ಹನ್ನೊಂದು ನಿಮಿಷ ಅರ್ಧ ಗಂಟೆಯಾಗುತ್ತಿತ್ತು.

ಬೂದುಬಣ್ಣದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುದು ತೋಳಿನ ಒಳಬದಿಯ ಉದ್ದನೆಯ ಗೆರೆ ಒಂದೇ. ಗೊಂಬೆಯ ಚರ್ಮಕ್ಕೆ ಬಣ್ಣದ ಚಿತ್ರ ಹೊದಿಸುವುದೆಂದರೆ ದರ್ಜಿಯ ಕೆಲಸ. ಚರ್ಮವನ್ನು ಕತ್ತರಿಸಿ ಹಾಸಿದಂತೆ ಮಾಡಿ, ಆ ಆಕಾರಕ್ಕೆ ಬಣ್ಣ ತುಂಬಬೇಕು. ನಾನು ಆಕಾರದ ಗೆರೆಯವರೆಗೆ ಮಾತ್ರ ಬಣ್ಣ ತುಂಬಿದ್ದೆ. ಹೊಲಿಗೆಯ ಹತ್ತಿರ ಹಿನ್ನೆಲೆಯ ಕಪ್ಪು ಇಣುಕುತ್ತಿತ್ತು. ದರ್ಜಿ ಹೊಲಿಗೆಯ ಆಚೆಗೂ ಒಂದಿಷ್ಟು ಬಟ್ಟೆ ಬಿಡುವಂತೆ, ಬಣ್ಣವನ್ನು ಗೆರೆಯ ಆಚೆಗೂ ಚಾಚಿದ ಮೇಲೆ ಗೆರೆ ಅಳಿಯಿತು.

೫. ಕೀಲಿನ ದೋಷಗಳು

ಇವೇ ಎಲ್ಲಕ್ಕಿಂತ ಕಠಿನವಾದುವು. ಸಂಜ್ಞೆಯ ಅರ್ಥವನ್ನು ಕೆಡಿಸುವುವೂ ಇವೇ.

ವಾಚಕರು ದಯವಿಟ್ಟು ತಮ್ಮ ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿ ನೋಡಬೇಕು. ನನ್ನ ಗೊಂಬೆಯಿಂದ ಇದನ್ನು ಮಾಡಿಸಿದಾಗ, ಅದರ ಮಣಿಕಟ್ಟು ಹಿಂಡಿದ ಒದ್ದೆಬಟ್ಟೆಯಂತೆ, ಪೆಪ್ಪರಮೆಂಟಿನ ಕಾಗದದ ತುದಿಯಂತೆ, ತಿರುಚಿ ಸಣ್ಣಗಾಯಿತು. ಲೆಕ್ಕ ಸುಲಭವಾಗಿದೆ. ಮಣಿಕಟ್ಟಿನ ಒಂದು ಬಿಂದು ಮೂಳೆಯ ನಡುಗೆರೆಯಿಂದ ಎರಡು ಸೆಂಟಿಮೀಟರು ಮೇಲಿದೆಯೆನ್ನೋಣ. ಅದರ ಅರ್ಧ ಪಾಲು ಮುಂದೋಳಿನ ಮೂಳೆಗೆ, ಅರ್ಧ ಪಾಲು ಅಂಗೈಯ ಮೂಳೆಗೆ. ಅಂಗೈ ಪೂರ್ತಿ ಮಗುಚಿದಾಗ ಮುಂದೋಳು ‘ಎರಡು ಮೇಲೆ ಇರು’ ಎನ್ನುತ್ತದೆ. ಅಂಗೈ ‘ಎರಡು ಕೆಳಗೆ ಬಾ’ ಎನ್ನುತ್ತದೆ. ಬಡ ಬಿಂದು ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ ನಡುವೆ ಸೊನ್ನೆಯಲ್ಲಿ ನಿಲ್ಲುತ್ತದೆ. ಸುತ್ತಲಿನ ಎಲ್ಲ ಬಿಂದುಗಳೂ ಹಾಗೆಯೇ ಮಾಡಿದರೆ ಮಣಿಕಟ್ಟಿನ ದಪ್ಪ ಸೊನ್ನೆ! ಕಾಲು ಸುತ್ತು ತಿರುಗಿದರೂ ಎರಡು ಸೆಂಟಿಮೀಟರು ಸುಮಾರು ಒಂದೂಕಾಲಿಗೂ ಒಂದೂವರೆಗೂ ನಡುವೆ ಇಳಿಯುತ್ತದೆ.

ಹೀಗೆ ಕೀಲಿಗೆ ತಕ್ಕಂತೆ ಚರ್ಮವನ್ನು ಚಲಿಸುವ ಕ್ರಮವನ್ನು ೧೯೮೮ರಲ್ಲಿ ಮ್ಯಾಗ್ನೆನಾ–ಥಾಲ್ಮನ್, ಲ್ಯಾಪೆರಿಯರ್, ಥಾಲ್ಮನ್ ಎಂಬ ಮೂವರು ಪ್ರಕಟಿಸಿದರು. ಅವರು ಎತ್ತಿಕೊಂಡುದೂ ವಸ್ತುಗಳನ್ನು ಹಿಡಿಯುವ ಕೈಯ ಸಮಸ್ಯೆಯನ್ನೇ. ೨೦೦೭ರಲ್ಲಿ ಲಾಡಿಸ್ಲಾವ್ ಕಾವನ್ ಮತ್ತು ಸಂಗಡಿಗರು ಇನ್ನೊಂದು ಕ್ರಮವನ್ನು ಕೊಟ್ಟರು. ಅದರ ಗಣಿತ ನನ್ನ ಶಕ್ತಿಗೆ ಮೀರಿದುದು. ತಾತ್ಪರ್ಯ ಇಷ್ಟು: ಎರಡು ಸ್ಥಾನಗಳ ಸರಾಸರಿಯ ಬದಲು ಎರಡು ತಿರುವುಗಳ ಸರಾಸರಿಯನ್ನು ತೆಗೆಯುವುದು. ತಿರುಗದ ಮೂಳೆಗೂ ಅರ್ಧ ಸುತ್ತು ತಿರುಗಿದ ಮೂಳೆಗೂ ನಡುವಣದು ಕಾಲು ಸುತ್ತು, ದಪ್ಪ ಕೆಡುವುದಿಲ್ಲ. ಬ್ಲೆಂಡರಿನಲ್ಲಿ ‘ಪ್ರಿಸರ್ವ್ ವಾಲ್ಯೂಮ್’ ಎಂಬ ಮನೆಗೆ ಗುರುತು ಹಾಕಿದರೆ ಈ ಕ್ರಮ ಜಾರಿಗೆ ಬರುತ್ತದೆ. ಮಣಿಕಟ್ಟು ಉಬ್ಬಿತು, ಆದರೆ ಮೊಣಕೈ ಮಡಿಸಿದಾಗ ಅಲ್ಲಿ ಗಂಟುಕಟ್ಟಿದಂತೆ ತುಸು ಹೆಚ್ಚಾಗಿಯೇ ಉಬ್ಬಿತು. ಔಷಧಕ್ಕೂ ಪಥ್ಯವುಂಟು.

ಕೊನೆಗೆ ಒಳ್ಳೆಯ ಪರಿಹಾರ ದೊರೆತುದು ಯಂತ್ರದಲ್ಲಲ್ಲ, ನನ್ನ ತೋಳಿನಲ್ಲಿಯೇ. ಅಂಗೈ ತಿರುಗಿಸುವಾಗ ಎಡಗೈಯಿಂದ ಬಲ ಮುಂದೋಳನ್ನು ಹಿಡಿದು ನೋಡಿರಿ. ತಿರುವು ಮಣಿಕಟ್ಟಿನಲ್ಲಿ ಆಗುವುದೇ ಇಲ್ಲ! ಮುಂದೋಳಿನಲ್ಲಿರುವ ಎರಡು ಎಲುಬುಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡವಾಗಿ ಹಾಯುತ್ತದೆ. ತಿರುವು ಮೊಣಕೈಯಿಂದ ಮಣಿಕಟ್ಟಿನವರೆಗೆ ಹಂಚಿಹೋಗುತ್ತದೆ. ನಾನು ಮುಂದೋಳಿಗೆ ಒಂದೇ ಮೂಳೆ ಕೊಟ್ಟಿದ್ದೆ. ಅದನ್ನು ಉದ್ದಕ್ಕೆ ಮೂರು ತುಂಡು ಮಾಡಿ ತಿರುವನ್ನು ಹಂಚಿದೆ. ಮಣಿಕಟ್ಟು ಮನುಷ್ಯರದಂತೆ ಕಂಡಿತು.

ಇನ್ನೊಂದು ದೋಷ ಹಾಸ್ಯಾಸ್ಪದವಾದರೂ ಅಪಾಯಕಾರಿ. ಗೊಂಬೆ ತೋರುಬೆರಳನ್ನು ಮಡಿಸಿದರೆ ನಡುಬೆರಳೂ ಅರ್ಧ ಮಡಿಯುತ್ತಿತ್ತು. ತೂಕಗಳನ್ನು ಯಂತ್ರವೇ ಹಂಚಿದಾಗ, ಹತ್ತಿರ ಹತ್ತಿರವಿರುವ ಬೆರಳುಗಳಲ್ಲಿ ಒಂದರ ಬಿಂದು ಇನ್ನೊಂದರ ಮೂಳೆಗೆ ವಶವಾಗಿಬಿಡುತ್ತದೆ. ನೋಡುವವರಿಗೆ ಇದು ಚಿಕ್ಕ ಸುಕ್ಕು. ಓದುವವರಿಗೆ ಬೇರೊಂದು ಪದ. ಕನ್ನಡದಲ್ಲಿ ಒಂದು ದೀರ್ಘ ತಪ್ಪಿದರೆ ‘ಕಾಡು’ ‘ಕಡು’ ಆಗುವಂತೆ ಎಂದು ತಿಳಿಯಿರಿ. ಯಾವ ಮೂಳೆಗೂ ಸೇರದೆ, ತೂಕವೇ ಇಲ್ಲದೆ ಉಳಿದ ಬಿಂದುವಿನ ಪಾಡು ಇನ್ನೊಂದು ಬಗೆ. ಕೈ ಮೇಲೆದ್ದರೂ ಅದು ಹಳೆಯ ಜಾಗದಲ್ಲಿಯೇ ನಿಂತು, ಚರ್ಮ ಮುಳ್ಳಿನಂತೆ ಗಾಳಿಯಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಎರಡಕ್ಕೂ ಪರಿಹಾರ ತೂಕಗಳನ್ನು ಕೈಯಾರೆ ಬಳಿಯುವುದು. ಬ್ಲೆಂಡರಿನಲ್ಲಿ ಪೂರ್ತಿ ತೂಕ ಕೆಂಪಾಗಿ, ಸೊನ್ನೆ ನೀಲಿಯಾಗಿ ಕಾಣುತ್ತದೆ. ಒಂದೊಂದು ಬೆರಳಿನ ಮೂಳೆಯನ್ನೂ ಆರಿಸಿ, ನೆರೆಯ ಬೆರಳಿಗೆ ಹರಿದ ಬಣ್ಣವನ್ನು ಒರಸಿ ತೆಗೆದೆ. ಬೆರಳುಗಳನ್ನು ಅಗಲವಾಗಿ ಬಿಡಿಸಿಟ್ಟು ಗೊಂಬೆಯನ್ನು ಮೊದಲೇ ಕಟ್ಟಿದ್ದರೆ ಈ ಶ್ರಮದ ಬಹುಪಾಲು ಉಳಿಯುತ್ತಿತ್ತು. ‘ಓಲೆಯವಳು’ ಎಂಬ ನಮ್ಮ ಮನೆಯ ಸಂಜ್ಞೆಯಲ್ಲಂತೂ ಬೆರಳು ಕಿವಿಯ ಹಾಲೆಯನ್ನು ತೂರಿ ಆಚೆಗೆ ಹೊರಟಿತು. ಸ್ಪರ್ಶವೆಂಬುದು ಈ ಗೊಂಬೆಗೆ ತಾನಾಗಿ ತಿಳಿಯದು. ಎಲ್ಲಿ ನಿಲ್ಲಬೇಕೆಂಬುದನ್ನು ನಾವೇ ನೋಡಿ ನಿಲ್ಲಿಸಬೇಕು.

೬. ಪರೀಕ್ಷಕಿಯ ತೀರ್ಪು

ದಸರೆಯ ರಜೆಗೆ ಪುಟ್ಟಿ ಬಂದಳು. ಇಪ್ಪತ್ತು ಸಂಜ್ಞೆಗಳನ್ನೂ ಹೆಮ್ಮೆಯಿಂದ ತೋರಿಸಿದೆ. ಮಚ್ಚೆಯಿಲ್ಲ, ಮುಳ್ಳಿಲ್ಲ, ಮಣಿಕಟ್ಟು ದುಂಡಗಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಅಂಗೈಯಿಂದ ಗೊಂಬೆಯ ಮುಖವನ್ನು ಮುಚ್ಚಿ, ‘ಚೆನ್ನಾಗಿದೆ’ ಎಂದು ತಲೆದೂಗಿದಳು. ಅಂಗೈ ತೆಗೆದು, ಮುಖವನ್ನು ತೋರಿಸಿ, ಕಣ್ಣು ಮುಚ್ಚಿ ನಾಲಗೆ ಚಾಚಿದಳು. ಎಂದರೆ, ಸತ್ತುಹೋಗಿದೆ!

ನನಗೆ ನಾಚಿಕೆಯಾಯಿತು. ಸಂಜ್ಞಾಭಾಷೆಯಲ್ಲಿ ಮುಖವೂ ವ್ಯಾಕರಣದ ಒಂದು ಭಾಗ. ಬರಿಯ ಕೈಯಿಂದ ‘ಊಟ ಆಯಿತು’ ಎಂಬುದಕ್ಕೂ ‘ಊಟ ಆಯಿತೆ?’ ಎಂಬುದಕ್ಕೂ ಭೇದವಿಲ್ಲ; ಹುಬ್ಬು ಏರಿದರೆ ಅದು ಪ್ರಶ್ನೆ. ನಾನು ಗೊಂಬೆಯ ಕೈಬೆರಳುಗಳಿಗೆ ಗೆಣ್ಣಿಗೊಂದರಂತೆ ಮೂಳೆಗಳನ್ನು ಕೊಟ್ಟು, ಹುಬ್ಬಿಗೆ ಒಂದನ್ನೂ ಕೊಟ್ಟಿರಲಿಲ್ಲ. ನನ್ನ ಮೂರು ಪರೀಕ್ಷೆಗಳಲ್ಲಿ ಯಾವುದೂ ಈ ದೋಷವನ್ನು ಹಿಡಿಯಲಾರದು, ಏಕೆಂದರೆ ಚಿತ್ರದಲ್ಲಿ ಕಲೆಯೇ ಇರಲಿಲ್ಲ. ಆ ಭಾಷೆಯನ್ನು ಆಡುವವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ಆ ಕಣ್ಣಿನ ಮುಂದೆ ಗೊಂಬೆಯನ್ನು ನಾನು ಮೊದಲ ವಾರವೇ ಇಡಬೇಕಾಗಿತ್ತು. ಹತ್ತನೆಯ ತಿಂಗಳಲ್ಲಿ ಇಟ್ಟೆ.

ಹುಬ್ಬಿಗೆ ಮೂಳೆ ಬಂದುದು ದೀಪಾವಳಿಯ ವೇಳೆಗೆ. ಅಮ್ಮ ಇಪ್ಪತ್ತನ್ನೂ ಕಲಿತಳು. ಅಜ್ಜಿ, ಗೊಂಬೆಯನ್ನು ಸುತ್ತಲೂ ತಿರುಗಿಸಿ ನೋಡಿ, ತಪ್ಪಿದಲ್ಲಿ ಪುಟ್ಟಿಯಿಂದ ಬೆರಳು ತಿದ್ದಿಸಿಕೊಂಡು, ಒಂಬತ್ತನ್ನು ಕಲಿತಳು. ಸಂಕ್ರಾಂತಿಯ ರಾತ್ರಿ ಜಗಲಿಯಲ್ಲಿ ಕುಳಿತಿದ್ದ ಪುಟ್ಟಿಯ ಎದುರಿಗೆ ನಿಂತು, ಕೈಯಾಡಿಸಿ, ಹುಬ್ಬು ಏರಿಸಿ, ಊಟ ಆಯಿತೆ ಎಂದು ಕೇಳಿದಳು. ಪುಟ್ಟಿ ಆಯಿತೆಂದಳು. ಅಜ್ಜಿ ಒಳಗೆ ಬಂದು ನನ್ನ ಪಕ್ಕದಲ್ಲಿ ಕುಳಿತು, “ಹಟ ಹಟ ಅಂತ ಆ ಮಗೀಗೆ ಎಷ್ಟು ಹೊಡುದ್ವಲ್ಲವ್ವ” ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು.

ಕಂಡ ಕಲೆಯ ಮೇಲೆ ಬಣ್ಣ ಬಳಿಯುವ ಮುನ್ನ, ಅದು ಎಲ್ಲಿಂದ ಬಂದಿತೆಂದು ವಿಚಾರಿಸಬೇಕು ಎಂಬುದೊಂದೇ ಈ ಒಂದು ವರ್ಷದಲ್ಲಿ ನಾನು ಕಲಿತ ಪಾಠ. ಇಂಥ ಗೊಂಬೆ ಕಟ್ಟುವ ಆಸಕ್ತಿಯಿರುವ ಗೆಳೆಯ ಗೆಳತಿಯರು ಯಾವ ಶನಿವಾರ ಮಧ್ಯಾಹ್ನವಾದರೂ ಕಂಪ್ಯೂಟರ್ ಕೊಠಡಿಗೆ ಬರಬಹುದು. ಇಪ್ಪತ್ತು ಸಂಜ್ಞೆಗಳಾಗಿವೆ, ಇನ್ನು ಉಳಿದಿರುವುದು ಒಂದು ಭಾಷೆಯಷ್ಟು.